ಲಕ್ಷ್ಮಯ್ಯನವರ ಹಿಮ್ಮಡಿ

ಪುರಾಣದ ವೀರರಲ್ಲಿ ಒಬ್ಬನಿಗೆ ಬಿಲ್ಲು, ಒಬ್ಬನಿಗೆ ಗದೆ. ನಮ್ಮ ಹುಣಸೆತೋಪಿನ ವೀರನಿಗೆ ಇದ್ದದ್ದು ಬಲಗಾಲಿನ ಹಿಮ್ಮಡಿ. ಲಕ್ಷ್ಮಯ್ಯನವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಆ ಬರಿಯ ಹಿಮ್ಮಡಿಯನ್ನು ನೆಲಕ್ಕೆ ‘ದಪ್’ ಎಂದು ಕುಕ್ಕಿದರೆ ಸಾಕು; ಗ್ರಾನೈಟಿನ ಕೆಳಗಿರಲಿ, ಮಾರ್ಬಲ್ಲಿನ ಕೆಳಗಿರಲಿ, ಆ ಮನೆಯ ಸೆಪ್ಟಿಕ್ ಟ್ಯಾಂಕು ‘ಇಲ್ಲಿದ್ದೇನೆ ಸ್ವಾಮಿ, ಕಾಪಾಡಿ’ ಎಂದು ಶರಣಾಗುತ್ತಿತ್ತು. ಕಾಡುಗೋಡಿಯಿಂದ ಆಚೆಗೆ ಈ ಹಿಮ್ಮಡಿಯ ಹೆಸರು ಕೇಳಿ ನಡುಗದ ಟೈಲ್ಸ್ ಇರಲಿಲ್ಲ.

ಮೂರನೇ ಕ್ರಾಸಿನ ಒಂದು ಮನೆಯವರು ಗುಂಡಿಯ ಮುಚ್ಚಳದ ಮೇಲೆ ಸೋಫಾ ಹಾಕಿ, ಸೋಫಾದ ಮೇಲೆ ಎಂಬತ್ತೆಂಟು ವರ್ಷದ ಅಜ್ಜಿಯನ್ನು ಕೂರಿಸಿ, "ಅವ್ರಿಗೆ ಉಸಾರಿಲ್ಲ ಸಾರ್, ಎಬ್ಬಿಸೋ ಅಂಗಿಲ್ಲ" ಎಂದಿದ್ದರು. ಲಕ್ಷ್ಮಯ್ಯನವರು ಬಾಗಿಲ ಬಳಿ ಒಂದು, ಟೀವಿಯ ಬಳಿ ಒಂದು ಕುಕ್ಕಿದರು. ಅಜ್ಜಿ ತಲೆ ಬಗ್ಗಿಸಿ ತನ್ನ ಕಾಲಡಿಯ ನೆಲ ನೋಡಿಕೊಂಡಿತು. "ಒಸಿ ಏಳವ್ವ" ಎಂದರು. ಅಜ್ಜಿ ಎದ್ದು ಸರಸರನೆ ಅಡುಗೆಮನೆಗೆ ನಡೆದೇ ಹೋಯಿತು. ಮುಚ್ಚಳವೂ ಸಿಕ್ಕಿತು, ಅಜ್ಜಿಯ ಆರೋಗ್ಯವೂ ಸಿಕ್ಕಿತು.

ಇನ್ನೊಬ್ಬರ ಮನೆಯಲ್ಲಿ ಮುಚ್ಚಳದ ಮೇಲೆ ಆರು ವರ್ಷದಿಂದ ಸ್ಟಾರ್ಟ್ ಆಗದ ಕಾರು ನಿಂತಿತ್ತು. ಮತ್ತೊಬ್ಬರು ಅದರ ಮೇಲೆ ಮೀನಿನ ತೊಟ್ಟಿ ಕಟ್ಟಿಸಿದ್ದರು. ಎಲ್ಲವೂ ಆ ಹಿಮ್ಮಡಿಯ ಮುಂದೆ ಸೋತವು. ಒಂದು ಮದುವೆಗೆ ಹೋದ ಲಕ್ಷ್ಮಯ್ಯನವರು ಛತ್ರದ ಊಟದ ಹಾಲಿನಲ್ಲಿ ಸುಮ್ಮನೆ ಕಾಲು ಬದಲಿಸಿದ್ದಕ್ಕೆ, ಛತ್ರದ ಮಾಲೀಕರು ತಾವಾಗಿಯೇ ಬಂದು, "ನಾಳೇನೇ ಸರಿ ಮಾಡಿಸ್ತೀವಿ ಸಾರ್, ಈಗ ಪಾಯಸ ತಗೊಳ್ಳಿ" ಎಂದರಂತೆ.

ಇದಕ್ಕೆ ಕಾರಣ ಹುಡುಕಿದ ಪಂಡಿತರಿಗೆ ಲೆಕ್ಕವಿಲ್ಲ. ಅವರ ಹಿಮ್ಮಡಿಯ ಎಲುಬು ಟೊಳ್ಳು, ಹಾಗಾಗಿ ಟೊಳ್ಳಿಗೆ ಟೊಳ್ಳು ಮಾತಾಡುತ್ತದೆ ಎಂದು ಮೆಡಿಕಲ್ ಶಾಪಿನವನ ವಾದ. ಚಿಕ್ಕಂದಿನಲ್ಲಿ ಹಾಳು ಬಾವಿಗೆ ಬಿದ್ದು ಮೂರು ದಿನ ಒಳಗೇ ಇದ್ದರು, ಆಗ ಭೂಮಿಯ ಭಾಷೆ ಕಲಿತರು ಎಂದು ಹಾಲಿನ ಬೂತಿನವಳ ವಾದ. ಲಕ್ಷ್ಮಯ್ಯನವರು ಯಾವುದನ್ನೂ ಒಪ್ಪಲಿಲ್ಲ, ಯಾವುದನ್ನೂ ಅಲ್ಲಗಳೆಯಲೂ ಇಲ್ಲ. ಬಿರುಕು ಬಿಟ್ಟ ಹಿಮ್ಮಡಿಗೆ ರಾತ್ರಿ ಹರಳೆಣ್ಣೆ ಸವರಿಕೊಂಡು ಮಲಗುತ್ತಿದ್ದರು, ಅಷ್ಟೆ. ಅವರ ಹೆಂಡತಿ ಪದ್ಮಾವತಿ ಮಾತ್ರ, "ಮನೇಲಿ ಕುಕ್ಕಬೇಡ್ರಿ, ಕೆಳಗಡೆಯವರು ಬೈತಾರೆ" ಎನ್ನುತ್ತಿದ್ದರು. ಮಹಾವೀರರಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಅಷ್ಟೇ.

ಟ್ಯಾಂಕನ್ನು ಜನ ಬಚ್ಚಿಡುವುದಾದರೂ ಯಾಕೆ? ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು ಹುಣಸೆತೋಪಿನ ಮಹಡಿಗಳಿಂದ ಕಾಣುತ್ತವೆ. ಮೆಟ್ರೊ ಕೂಗಳತೆಗೆ ಬಂದಿದೆ. ಒಳಚರಂಡಿ ಮಾತ್ರ ಇನ್ನೂ ಬರುತ್ತಲೇ ಇದೆ. ಅದರ ಪೈಪುಗಳು ರಸ್ತೆ ಬದಿಯಲ್ಲಿ ನಾಲ್ಕು ವರ್ಷದಿಂದ ಬಿದ್ದಿದ್ದು, ಎರಡು ತಲೆಮಾರಿನ ನಾಯಿಗಳು ಅವುಗಳಲ್ಲೇ ಹುಟ್ಟಿವೆ. ಹಾಗಾಗಿ ಪ್ರತಿ ಮನೆಗೂ ಅದರದೇ ಗುಂಡಿ. ಗುಂಡಿಯ ಮುಚ್ಚಳ ತೆರೆಯುವ ಹಾಗಿರಬೇಕು, ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು, ಕುಡಿಯುವ ನೀರಿನ ಬೋರ್‌ವೆಲ್ಲಿನಿಂದ ಐವತ್ತು ಅಡಿ ದೂರವಿರಬೇಕು ಎಂದು ವಾರ್ಡ್ ಕಚೇರಿಯ ನಿಯಮ. ಆದರೆ ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಬಾಡಿಗೆ ರೂಮುಗಳಾಗಿರುವ ಊರಿನಲ್ಲಿ ಐವತ್ತು ಅಡಿ ಎಂದರೆ ಐದು ರೂಮು. ಮೊದಲು ಗುಂಡಿ ತೋಡುತ್ತಾರೆ, ಆಮೇಲೆ ಅದರ ಮೇಲೊಂದು ಕೋಣೆ ಎಬ್ಬಿಸುತ್ತಾರೆ, ಆಮೇಲೆ ಹೊಸ ಟೈಲ್ಸ್ ಹಾಕಿಸಿ, ಅಂಥದ್ದೊಂದು ತಮ್ಮ ಮನೆಯಲ್ಲಿ ಇದೆ ಎಂಬುದನ್ನೇ ಮರೆಯುತ್ತಾರೆ. ಮರೆಯದೆ ಉಳಿದವರನ್ನು ನಾಚಿಕೆ ಸುಮ್ಮನಾಗಿಸುತ್ತದೆ.

ಅದನ್ನು ನೆನಪಿಸುವುದೇ ಲಕ್ಷ್ಮಯ್ಯನವರ ಉದ್ಯೋಗ. ಊರು ಪಂಚಾಯಿತಿಯಾಗಿದ್ದಾಗ ಅವರು ನೀರು ಬಿಡುವ ವಾಲ್ವ್ ತಿರುಗಿಸುತ್ತಿದ್ದರು; ಊರು ವಾರ್ಡಾದಾಗ ಗುಂಡಿ ಪರೀಕ್ಷಕರಾದರು. ಅವರ ಫಾರಮ್ಮಿನಲ್ಲಿ ಮೂರು ಚೌಕಗಳು: ‘ಸರಿಯಿದೆ’, ‘ಸರಿಯಿಲ್ಲ’, ‘ಮುಚ್ಚಳ ಪತ್ತೆಯಾಗಲಿಲ್ಲ’. ಬೇರೆ ವಾರ್ಡುಗಳಲ್ಲಿ ಮೂರನೇ ಚೌಕಕ್ಕೆ ಟಿಕ್ ಹಾಕಿ ಹಾಕಿ ಪೆನ್ನು ಸವೆಯುತ್ತಿತ್ತು. ಲಕ್ಷ್ಮಯ್ಯನವರು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಚೌಕ ಮುಟ್ಟಿದವರಲ್ಲ.

ಇಷ್ಟೆಲ್ಲ ಕೀರ್ತಿ ಇದ್ದೂ ಅವರ ಮಗಳು ದಿವ್ಯಾಳಿಗೆ ಗಂಡು ಸಿಗಲಿಲ್ಲ. ದಿವ್ಯಾ ವೈಟ್‌ಫೀಲ್ಡಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಚುರುಕು ಹುಡುಗಿ. ಮೊದಲ ಸಂಬಂಧದವರು ಎಲ್ಲ ಒಪ್ಪಿ, ಹೋಗುವಾಗ "ಅಪ್ಪ ಏನ್ಮಾಡ್ತಾರೆ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಫೋನ್ ಎತ್ತಲಿಲ್ಲ. ಎರಡನೆಯವರು ಇನ್ನೂ ನೇರ. "ಕಕ್ಕಸ್ ಇನ್ಸ್‌ಪೆಕ್ಟ್ರ ಮಗಳು ಅಂತ ಲಗ್ನಪತ್ರಿಕೇಲಿ ಎಂಗ್ ಆಕ್ಸೋದು?" ಎಂದರು. ಅವತ್ತು ಲಕ್ಷ್ಮಯ್ಯನವರು ಮನೆಯ ಹೊರಗೆ ನಿಂತು ಕಾಲು ತೊಳೆದರು. ಎರಡು ಸಲ ತೊಳೆದರು. ಮಗಳು ಕಿಟಕಿಯಿಂದ ನೋಡಿ, "ಸಾಕು ಬಾರಪ್ಪ, ಹಿಮ್ಮಡಿ ಸವೆದೋಗುತ್ತೆ" ಎಂದು ನಗಿಸಿದಳು.

ಮೂರನೆಯ ಸಂಬಂಧ ಅಶ್ವತ್ಥಮ್ಮನವರದು. ಗಂಡ ಇಲ್ಲ, ಒಬ್ಬನೇ ಮಗ ಲಿಖಿತ್, ಬ್ಯಾಟರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೆಳಗೆ ತಮ್ಮ ಮನೆ, ಹಿಂದೆ ಮತ್ತು ಮೇಲೆ ಇಪ್ಪತ್ತನಾಲ್ಕು ಬಾಡಿಗೆ ರೂಮು. ಉದ್ಯೋಗದ ಮಾತು ಬಂದಾಗ ಆಕೆ ಹೇಳಿದ್ದು ಒಂದೇ ಮಾತು: "ಅಯ್ಯೋ, ಅದ್ರಾಗೇನೈತೆ ಬೀಗ್ರೆ? ನಮ್ಮನೇಲಿ ಯಾರೂ ಓಗಲ್ವೆ ಅಲ್ಲೀಗೆ?" ಲಕ್ಷ್ಮಯ್ಯನವರಿಗೆ ಕಣ್ಣು ತುಂಬಿ ಬಂತು. ಅವರ ಕೆಲಸದ ಬಗ್ಗೆ ಇಷ್ಟು ದೊಡ್ಡ ಮನಸ್ಸಿನಿಂದ ಯಾರೂ ಮಾತಾಡಿರಲಿಲ್ಲ.

ಒಪ್ಪಿಗೆ ಶಾಸ್ತ್ರ ಅಶ್ವತ್ಥಮ್ಮನವರ ಮನೆಯಲ್ಲೇ ನಡೆಯಿತು. ತಟ್ಟೆ ಬದಲಾಯಿಸಿದರು, ದಿವ್ಯಾಳಿಗೆ ಹಸಿರು ರೇಷ್ಮೆ ಸೀರೆ ಕೊಟ್ಟರು. ಊಟವಾದ ಮೇಲೆ ಗಂಡಿನ ಕಡೆಯ ಒಬ್ಬ ಮಾವ ಎಲೆಯಡಿಕೆ ಅಗಿಯುತ್ತಾ, "ಬೀಗ್ರೆ, ಆ ಇಮ್ಮಡಿ ವಿದ್ಯೆ ಒಂದ್ಕಿತ ನಮ್ಗೂ ತೋರ್ಸಿ, ಬರೀ ಕೇಳಿದ್ದೇ ಆಯ್ತು" ಎಂದ. ಎಲ್ಲರೂ ಕೈ ತಟ್ಟಿದರು. ಲಕ್ಷ್ಮಯ್ಯನವರು ಬೇಡ ಬೇಡ ಎನ್ನುತ್ತಲೇ ಎದ್ದರು. ಮೆಚ್ಚುಗೆ ಎಂದರೆ ವೀರರಿಗೂ ಇಷ್ಟ. ಹಾಲಿನಲ್ಲಿ ಒಂದು ಕುಕ್ಕಿದರು: ದಪ್. ನಗು. ಊಟದ ಮೇಜಿನ ಬಳಿ: ದಪ್. ಇನ್ನಷ್ಟು ನಗು. ಅಡುಗೆಮನೆಯ ಬಾಗಿಲ ಬಳಿ: ದಪ್. ಅಶ್ವತ್ಥಮ್ಮನವರು ನಗುತ್ತಲೇ ಮೂಲೆಯಲ್ಲಿದ್ದ ಅಕ್ಕಿ ಡ್ರಮ್ಮಿನ ಕಡೆ ನೋಡಿ, ಸೆರಗು ಸರಿಮಾಡಿಕೊಂಡರು.

ಲಕ್ಷ್ಮಯ್ಯನವರ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಅಡುಗೆಮನೆಯ ಗೋಡೆಯಾಚೆ, ನಾಲ್ಕೇ ಹೆಜ್ಜೆ ದೂರದಲ್ಲಿ, ಬೋರ್‌ವೆಲ್ ಇತ್ತು. ಇಪ್ಪತ್ತನಾಲ್ಕು ರೂಮಿನವರೂ ಅದೇ ನಲ್ಲಿಯ ನೀರು ಕುಡಿಯುತ್ತಿದ್ದರು.

"ಏನಂತೈತೆ ಇಮ್ಮಡಿ?" ಎಂದ ಮಾವ.

"ಎಲ್ಲಾ ಗಟ್ಟಿಯಾಗೈತಂತೆ" ಎಂದರು ಲಕ್ಷ್ಮಯ್ಯನವರು. ಮನೆ ಮನೆಯೇ ಚಪ್ಪಾಳೆ ತಟ್ಟಿತು. ಹುಣಸೆತೋಪಿನ ವೀರನ ಬಾಯಿಂದ ಬಂದ ಮೊದಲ ಸುಳ್ಳಿಗೆ ಅಷ್ಟು ಚಪ್ಪಾಳೆ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು?

ಶಾಸ್ತ್ರದ ಮನೆಯಲ್ಲಿ ನೆಂಟನಾಗಿ ಹೇಳಿದ್ದು, ಹೋಗಲಿ ಎನ್ನೋಣ. ತಿಂಗಳೊಳಗೆ ಕಚೇರಿಯಿಂದ ಹೊಸ ಪಟ್ಟಿ ಬಂತು. ಅದರಲ್ಲಿ ಅಶ್ವತ್ಥಮ್ಮನವರ ಮನೆ ಇತ್ತು. ಲಕ್ಷ್ಮಯ್ಯನವರು ಫಾರಂ ಹಿಡಿದು ಹೋದರು. ಬಿಸಿಲಿತ್ತು. ಹಿಂದಿನ ರೂಮಿನ ಸಿದ್ದಕ್ಕ, ಯಾದಗಿರಿ ಕಡೆಯವಳು, ಕಟ್ಟಡದ ಕೆಲಸದವಳು, ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದವಳು ಒಂದು ಚೊಂಬು ನೀರು ಹಿಡಿದು, "ಕುಡೀರಿ ಸಾಹೇಬ್ರ, ಬಿಸ್ಲಾಗ ಬಂದೀರಿ" ಎಂದಳು. "ಬ್ಯಾಡಮ್ಮ" ಎಂದು ಲಕ್ಷ್ಮಯ್ಯನವರು ಚೀಲದಿಂದ ತಮ್ಮ ಬಾಟಲಿ ತೆಗೆದು ಕುಡಿದರು. ಒಳಗೆ ಹೋಗಿ ಬೀಗರ ಮನೆಯಲ್ಲಿ ಕಾಫಿ ಬೇಡವೆಂದರು. ಒಮ್ಮೆಯೂ ಕುಕ್ಕಲಿಲ್ಲ. ಹೊರಬಂದು ಫಾರಮ್ಮನ್ನು ಸ್ಕೂಟರಿನ ಸೀಟಿನ ಮೇಲಿಟ್ಟು, ಹನ್ನೊಂದು ವರ್ಷ ಕನ್ಯೆಯಾಗಿದ್ದ ಮೂರನೇ ಚೌಕಕ್ಕೆ ಟಿಕ್ ಹಾಕಿದರು. ಮುಚ್ಚಳ ಪತ್ತೆಯಾಗಲಿಲ್ಲ.

ಕಚೇರಿಯಲ್ಲಿ ಇದೊಂದು ಹಬ್ಬವಾಯಿತು. ಅಸಿಸ್ಟೆಂಟ್ ಎಂಜಿನಿಯರ್ ಚನ್ನವೀರಪ್ಪ, ಹಾವೇರಿ ಕಡೆಯ ತಮಾಷೆ ಮನುಷ್ಯ, ಫಾರಂ ಎತ್ತಿ ಎಲ್ಲರಿಗೂ ತೋರಿಸಿದರು.

"ಏನ್ರೀ ಲಕ್ಷ್ಮಯ್ಯ! ನಿಮ್ಮ ಹಿಮ್ಮಡಿಗೂ ತುಕ್ಕು ಹಿಡೀತೇನ್ರಿ? ಬರ್ರಿ, ನಾನೇ ಹುಡುಕ್ತೀನಿ ತಗೀರಿ" ಎಂದು ಬೂಟುಗಾಲು ಎತ್ತಿ ನೆಲಕ್ಕೆ ಕುಕ್ಕಿದರು. ಎಲ್ಲರೂ ನಕ್ಕರು. ಲಕ್ಷ್ಮಯ್ಯನವರ ಕಣ್ಣು ತಾನಾಗಿಯೇ ಆ ಫಾರಂ ಕೂರಬೇಕಾಗಿದ್ದ ಹಸಿರು ಫೈಲಿನ ಕಡೆ ಹೋಯಿತು. ಚನ್ನವೀರಪ್ಪನವರು ನಗುತ್ತಿದ್ದರು, ಗಮನಿಸಲಿಲ್ಲ.

"ಹಿಮ್ಮಡಿ ನೋವು ಸಾರ್" ಎಂದರು ಲಕ್ಷ್ಮಯ್ಯನವರು. ಸುಳ್ಳು ಅವರಿಗೆ ಅಭ್ಯಾಸವಾಗುತ್ತಿತ್ತು.

ನೋವಿಗೆ ಸಾಕ್ಷಿ ಬೇಕಲ್ಲ, ಮರುದಿನದಿಂದ ಬಲಗಾಲಿಗೆ ಕ್ರೇಪ್ ಬ್ಯಾಂಡೇಜು ಬಂತು. ಅಲ್ಲಿಂದ ಶುರುವಾಯಿತು ಅವರ ಪಾಡು. ಹುಣಸೆತೋಪಿನ ಜನಕ್ಕೆ ಅವರ ಮೇಲೆ ಇಷ್ಟು ಪ್ರೀತಿ ಇದೆ ಎಂದು ಅವರಿಗೇ ಗೊತ್ತಿರಲಿಲ್ಲ. ಯಾರೋ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಯಾರೋ ಎಕ್ಕದ ಎಲೆ ತಂದರು. ಮೆಡಿಕಲ್ ಶಾಪಿನವನು ಮುಲಾಮು ಪುಕ್ಕಟೆ ಕೊಟ್ಟ. ಮೂರನೇ ಕ್ರಾಸಿನ ಆ ಸೋಫಾ ಅಜ್ಜಿ ಖುದ್ದು ನಡೆದು ಬಂದು ಬಿಸಿ ಎಣ್ಣೆ ಹಚ್ಚಿ ನೀವಿ, "ದೇವ್ರು ಕೊಟ್ಟ ಇಮ್ಮಡಿ, ಇಂಗಾಗ್ಬಾರ್ದಿತ್ತು" ಎಂದು ಕಣ್ಣೊರೆಸಿಕೊಂಡಿತು. ಲಕ್ಷ್ಮಯ್ಯನವರಿಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ನೆಲದ ಕೆಳಗೆ ಏನಿರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ, ಆದರೂ ಎನ್ನಿಸಿತು. ಇತ್ತ ಊರಿನಲ್ಲಿ ಮೂರು ಮನೆಯವರು ಧೈರ್ಯವಾಗಿ ಹೊಸ ಟೈಲ್ಸ್ ಹಾಕಿಸಲು ಶುರು ಮಾಡಿದರು.

ಮೂರು ವಾರ ಕಳೆಯಿತು. ಒಂದು ಸಂಜೆ ದಿವ್ಯಾ ಕೆಲಸದಿಂದ ಬಂದು ಬ್ಯಾಗು ಇಡುವ ಮೊದಲೇ ಹೇಳಿದಳು:

"ಅಪ್ಪಾ, ಈ ವಾರ ಲ್ಯಾಬಿಗೆ ನಾಲ್ಕು ಟೈಫಾಯ್ಡ್ ಬಂದಿದೆ. ನಾಲ್ಕೂ ಒಂದೇ ಅಡ್ರೆಸ್. ಅತ್ತೆ ಮನೆ ರೂಮ್‌ಗಳು."

ಲಕ್ಷ್ಮಯ್ಯನವರು ಬ್ಯಾಂಡೇಜಿನ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

"ಒಂದು ಮಗು ಅಪ್ಪ, ಎಂಟು ವರ್ಷ, ಸುಮಂಗಲಾ ಅಂತ. ಅವರಮ್ಮ ಸಿದ್ದಕ್ಕ ಅಳ್ತಿದ್ಲು. ಅಲ್ಲಿ ಗುಂಡಿ ನೀನೇ ಅಲ್ವಾ ನೋಡಿದ್ದು? ಸರಿಯಿದೆ ತಾನೆ?"

"ಮುಚ್ಚಳ ಸಿಗ್ಲಿಲ್ಲ ಮಗಾ."

ದಿವ್ಯಾ ಅಪ್ಪನ ಬ್ಯಾಂಡೇಜು ನೋಡಿದಳು. ಆಮೇಲೆ ಮುಖ ನೋಡಿದಳು.

"ನಿಂಗೆ?" ಎಂದಳು.

ಅಷ್ಟೇ ಕೇಳಿದ್ದು. ಬ್ಯಾಗು ಹಿಡಿದೇ ಒಳಗೆ ಹೋದಳು. ಎಷ್ಟೋ ಮನೆಯವರ ತಲೆ ತಗ್ಗಿಸಿದ್ದ ಮಹಾವೀರ, ಆ ಎರಡಕ್ಷರಕ್ಕೆ ತನ್ನದೇ ಕಾಲಡಿಯ ನೆಲ ನೋಡಿಕೊಂಡ.

ಮರುದಿನ ಬೆಳಿಗ್ಗೆ ಅವರು ಫಾರಂ ತೆಗೆದುಕೊಂಡು ಅಶ್ವತ್ಥಮ್ಮನವರ ಅಂಗಳಕ್ಕೆ ಹೋದರು. ಸಿದ್ದಕ್ಕ ಆಸ್ಪತ್ರೆಗೆ ಹೊರಟಿದ್ದವಳು, ನಲ್ಲಿಯಲ್ಲಿ ಫ್ಲಾಸ್ಕು ತೊಳೆಯುತ್ತಿದ್ದಳು.

"ಕೂಸು ಹೆಂಗೈತಮ್ಮ?"

"ಜ್ವರ ಇಳಿದಿಲ್ರಿ. ನೀರು ನಾತ ಹೊಡೀತೈತಿ ಅಂತ ಎರಡು ತಿಂಗಳಿಂದ ಹೇಳಾಕತ್ತೀವ್ರಿ. ಪೈಪ್ ಹಳೇವು ಅಂತಾರ ಓನರಮ್ಮ." ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ತಲೆ ಎತ್ತದೆ ಹೇಳಿದಳು: "ಆವತ್ತ ನೀವು ನಾ ಕೊಟ್ಟ ನೀರು ಕುಡೀಲಿಲ್ರಿ. ನಮ್ಮ ಕೈಯಾಗಿಂದು ಬ್ಯಾಡ ಅಂತ ಬಿಟ್ರೇನೋ ಅಂದ್ಕೊಂಡೆ. ಆಮ್ಯಾಲ ನೋಡಿದ್ರ ಬೀಗರ ಮನ್ಯಾಗ ಕಾಫೀನೂ ಕುಡೀಲಾರದ ಹ್ವಾದ್ರಿ. ನಿಮಗ ಗೊತ್ತಿತ್ತೇನ್ರಿ?"

ಬೈದಿದ್ದರೆ ಸಹಿಸಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು.

"ಗೊತ್ತಿತ್ತು" ಎಂದರು ಲಕ್ಷ್ಮಯ್ಯನವರು. "ಈ ನೀರು ಇನ್ನ ಯಾರೂ ಮುಟ್ಬ್ಯಾಡಿ ಅಂತ ಹೇಳು."

ನಲ್ಲಿಯ ಕಟ್ಟೆಯ ಮೇಲೆ ಕೂತು ಬ್ಯಾಂಡೇಜು ಬಿಚ್ಚಿದರು. ಸುತ್ತು ಸುತ್ತಾಗಿ ಬಿಚ್ಚಿ, ಮಡಚಿ ಜೇಬಿಗೆ ಹಾಕಿಕೊಂಡರು. ಸಿದ್ದಕ್ಕ ಆ ಹಿಮ್ಮಡಿ ನೋಡಿದಳು. ಅದಕ್ಕೆ ಏನೂ ಆಗಿರಲಿಲ್ಲ. ಊರವರ ಎಣ್ಣೆ ಕುಡಿದು ಹೊಳೆಯುತ್ತಿತ್ತು.

ಅಶ್ವತ್ಥಮ್ಮನವರು, "ಬನ್ನಿ ಬನ್ನಿ ಬೀಗ್ರೆ, ಕಾಲು ವಾಸಿ ಆಯ್ತಾ? ಸೀರೆ ತರಕ್ಕೆ ಯಾವತ್ತು ಓಗನ?" ಎನ್ನುತ್ತಾ ಬಂದರು. ಕೈಯಲ್ಲಿದ್ದ ಫಾರಂ ನೋಡಿ ಮಾತು ನಿಲ್ಲಿಸಿದರು. ಲಕ್ಷ್ಮಯ್ಯನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಲೆತ್ತಿ ಕುಕ್ಕಿದರು. ಈ ಸಲ ಯಾರೂ ನಗಲಿಲ್ಲ. ಅಶ್ವತ್ಥಮ್ಮನವರ ದೃಷ್ಟಿ ಅಕ್ಕಿ ಡ್ರಮ್ಮಿಗೆ ಹೋಗಿ ವಾಪಸು ಬಂತು.

"ಡ್ರಮ್ಮು ಸರಿಸ್ಬೇಕಮ್ಮ."

"ಯೋಚ್ನೆ ಮಾಡಿ ಮಾತಾಡಿ ಬೀಗ್ರೆ. ಗುಂಡಿ ಎಲ್ಲಾರ ಮನೇಲೂ ಐತೆ. ಎಣ್ಣುಮಗು ಎಲ್ಲಾರ ಮನೇಲೂ ಇರಲ್ಲ."

"ಡ್ರಮ್ಮು."

"ನಿಮ್ ಕೆಲ್ಸ ಏನು ಅಂತ ಗೊತ್ತಿದ್ದೂ ತಟ್ಟೆ ಬದಲಾಯಿಸ್ದೋಳು ನಾನೊಬ್ಳೆ. ಅದಾದ್ರೂ ಗ್ಯಾಪಕ ಇರ್ಲಿ!"

ಅದು ನಿಜ. ಆ ಮಾತು ನಿಜವಾದ್ದರಿಂದಲೇ ಲಕ್ಷ್ಮಯ್ಯನವರಿಗೆ ಆಕೆಯ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಮೇಲಿಂದ ಲಿಖಿತ್ ಇಳಿದು ಬಂದ. ಇಬ್ಬರನ್ನೂ ನೋಡಿದ, ಏನೂ ಕೇಳಲಿಲ್ಲ, ಡ್ರಮ್ಮನ್ನು ಅಪ್ಪಿ ಹಿಡಿದು ಪಕ್ಕಕ್ಕೆಳೆದ. ಅದರ ಕೆಳಗೆ ನಾಲ್ಕು ಟೈಲ್ಸು ಬೇರೆ ಬಣ್ಣದವು. ಅವನ್ನು ಎಬ್ಬಿಸಿದಾಗ ಬಂದ ವಾಸನೆಗೆ ಅಶ್ವತ್ಥಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ವಾಸನೆಗೆ ಮುಚ್ಚಿಕೊಂಡರು ಎಂದೇ ಎಲ್ಲರೂ ತಿಳಿದರು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

ಲಕ್ಷ್ಮಯ್ಯನವರು ಎರಡನೇ ಚೌಕಕ್ಕೆ ಟಿಕ್ ಹಾಕಿದರು. ಷರಾ ಎಂಬಲ್ಲಿ ದುಂಡಗೆ ಬರೆದರು: "ಹಿಂದಿನ ಭೇಟಿಯಲ್ಲಿಯೂ ನನಗೆ ಗೊತ್ತಿತ್ತು. ಬರೆಯಲಿಲ್ಲ." ಕೆಳಗೆ ಸಹಿ ಮಾಡಿದರು.

ಬೋರ್‌ವೆಲ್ಲಿಗೆ ಅವತ್ತೇ ಬೀಗ ಬಿತ್ತು, ರೂಮಿನವರಿಗೆ ಟ್ಯಾಂಕರ್ ನೀರು ಬಂತು. ಸುಮಂಗಲಾ ಗುಣವಾದಳು; ಕೂದಲು ಮಾತ್ರ ಅರ್ಧಕ್ಕರ್ಧ ಉದುರಿತು. ಶಾಲೆಗೆ ಟೋಪಿ ಹಾಕಿಕೊಂಡು ಹೋಗುವಾಗ ಲಕ್ಷ್ಮಯ್ಯನವರ ಸ್ಕೂಟರ್ ಎದುರಾದರೆ ಕೈ ಬೀಸುತ್ತಾಳೆ. ಅವರು ಬೇರೆ ದಾರಿ ಹುಡುಕಿಕೊಂಡಿದ್ದಾರೆ.

ದಿವ್ಯಾಳಿಗೆ ಬಂದಿದ್ದ ಹಸಿರು ಸೀರೆಯನ್ನು ಅಶ್ವತ್ಥಮ್ಮನವರು ವಾಪಸು ಕೇಳಿ ಕಳಿಸಿದರು. ದಿವ್ಯಾ ಅದನ್ನು ಇಸ್ತ್ರಿ ಮಾಡಿಸಿ ಕೊಟ್ಟು ಕಳಿಸಿದಳು. "ಲಿಖಿತ್ ಏನಂದ?" ಎಂದು ಪದ್ಮಾವತಿ ಕೇಳಿದ್ದಕ್ಕೆ, "ಡ್ರಮ್ ಸರಿಸ್ದ, ಅಷ್ಟಕ್ಕೇ ಸುಸ್ತಾದ" ಎಂದಳು. ಹನ್ನೊಂದು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಮದುವೆ ತಪ್ಪಿತೆಂದು ಸಿಟ್ಟೇ ಮಗಾ ಎಂದು ಲಕ್ಷ್ಮಯ್ಯನವರು ಹನ್ನೆರಡನೇ ದಿನ ಕೇಳಿದರು. "ಮದ್ವೆ ಬಿಡಪ್ಪ. ಮೂರು ವಾರ ಆ ನೀರು ಕುಡಿದ್ರು" ಎಂದಳು. ಆಮೇಲೆ ಹರಳೆಣ್ಣೆಯ ಸೀಸೆಯನ್ನು ಅವರ ಕಡೆ ತಳ್ಳಿದಳು.

ಕಚೇರಿ ಆ ಷರಾ ಓದಿ ಲಕ್ಷ್ಮಯ್ಯನವರನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟಿತು. ಊರು ಓದಲಿಲ್ಲ. ಊರಿಗೆ ಕೇಳಿಸಿದ್ದು ಒಂದೇ: ಮೂರು ವಾರ ಮಲಗಿದ್ದ ಹಿಮ್ಮಡಿ ಎದ್ದು, ಬೀಗರೆಂದೂ ನೋಡದೆ, ಅಕ್ಕಿ ಡ್ರಮ್ಮಿನ ಕೆಳಗಿನ ಗುಂಡಿ ಹಿಡಿಯಿತು! ಕೀರ್ತಿ ಮೊದಲಿನ ಎರಡರಷ್ಟಾಯಿತು. ಸೋಫಾ ಅಜ್ಜಿ ತನ್ನ ಎಣ್ಣೆಯ ಪ್ರಭಾವವೆಂದು ಬೀದಿಯೆಲ್ಲ ಹೇಳಿಕೊಂಡು ಬಂತು. ಅಡ್ಡಗಟ್ಟಿ ಕೈ ಮುಗಿಯುವವರನ್ನು ಕಂಡರೆ ಲಕ್ಷ್ಮಯ್ಯನವರು ತಲೆ ತಗ್ಗಿಸುತ್ತಿದ್ದರು. ಅದನ್ನು ಜನ ವಿನಯ ಎಂದುಕೊಂಡರು.

ಅಮಾನತು ಮುಗಿಸಿ ಬಂದ ದಿನ ಕಚೇರಿಯಲ್ಲಿ ಅಕ್ಕಪಕ್ಕದ ವಾರ್ಡುಗಳ ಹನ್ನೆರಡು ಹೊಸ ಪರೀಕ್ಷಕರು ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು. ಚನ್ನವೀರಪ್ಪನವರು ಲಕ್ಷ್ಮಯ್ಯನವರನ್ನು ಮುಂದೆ ಕರೆದು, ಬೋರ್ಡಿನ ಮೇಲೆ ‘ಹಿಮ್ಮಡಿ ವಿಧಾನ’ ಎಂದು ಬರೆದು ಕೆಳಗೆ ಗೆರೆ ಎಳೆದರು. ಹನ್ನೆರಡು ಹಿಮ್ಮಡಿಗಳು ಒಟ್ಟಿಗೆ ಕುಕ್ಕಿದವು. ಕೆಳಗಿನ ಮಹಡಿಯ ಜನನ ಮರಣ ವಿಭಾಗದವರು ಏನಾಯಿತೆಂದು ಓಡಿ ಬಂದರು.

"ಹೇಳ್ರಿ ಲಕ್ಷ್ಮಯ್ಯ, ಈಗಾದ್ರೂ ಬಾಯಿ ಬಿಡ್ರಿ" ಎಂದು ಚನ್ನವೀರಪ್ಪನವರು ಚಾಕ್‌ಪೀಸು ಹಿಡಿದು ಸಿದ್ಧರಾದರು. "ಕೆಳಗ ಗುಂಡಿ ಇದ್ರ ಸಪ್ಪಳ ಹೆಂಗ ಬರ್ತದ, ಇಲ್ದಿದ್ರ ಹೆಂಗ ಬರ್ತದ? ಹುಡುಗ್ರು ಬರಕೊಳ್ಳಿ."

"ಸದ್ದು ಎಲ್ಲಾ ಕಡೆ ಒಂದೇ ಬರುತ್ತೆ ಸಾರ್" ಎಂದರು ಲಕ್ಷ್ಮಯ್ಯನವರು. "ಕುಕ್ಕಿದ ತಕ್ಷಣ ಮನೆಯವರು ಗುಂಡಿ ಇರೋ ಕಡೆ ನೋಡ್ಬಿಡ್ತಾರೆ. ನಾನು ಅವರನ್ನ ನೋಡ್ತಿರ್ತೀನಿ, ಅಷ್ಟೆ."